ಪಂಪ್‌ಹೌಸಿನಲ್ಲಿ ಉಳಿದ ಅರ್ಧ

ಅಣ್ಣ ತಮ್ಮ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಆದರೂ ವಾರಕ್ಕೊಂದು ಸಲವಾದರೂ ಅವರು ಒಬ್ಬರಿಗೊಬ್ಬರು ‘ಮಾನ್ಯರೇ’ ಎಂದು ಬರೆದುಕೊಳ್ಳುತ್ತಿದ್ದರು. ಬರೆಯದೆ ವಿಧಿಯಿರಲಿಲ್ಲ. ಊರಿಗೆಲ್ಲ ನೀರು ಕೊಡುವ ಸಂಸ್ಥೆಯಲ್ಲಿ ಕಿರಿಯವನು ಸರ್ವರ್ ನೋಡಿಕೊಳ್ಳುತ್ತಿದ್ದ, ಹಿರಿಯವನು ಆ ಸರ್ವರಿನ ಡೇಟಾಬೇಸ್ ನೋಡಿಕೊಳ್ಳುತ್ತಿದ್ದ. ಸರ್ವರ್ ಇದ್ದದ್ದು ಪೇಟೆಯ ನಡುವಿನ ಹೊಸ ಕಟ್ಟಡದ ನೆಲಮಾಳಿಗೆಯಲ್ಲಿ. ಡೇಟಾಬೇಸ್ ಇದ್ದದ್ದು ಊರಾಚೆ, ನದಿ ದಂಡೆಯ ಹಳೆಯ ಪಂಪ್‌ಹೌಸಿನಲ್ಲಿ. ನಡುವೆ ನೆಲದಡಿಯಲ್ಲಿ ಒಂದು ಕೇಬಲ್ಲು. ಒಂದು ಕಡೆ ಬೆಂಕಿ ಬಿದ್ದರೆ ಇನ್ನೊಂದು ಕಡೆಯದಾದರೂ ಉಳಿಯಲಿ ಎಂದು ಹಿಂದೆ ಯಾರೋ ದೊಡ್ಡವರು ಹೀಗೆ ಎರಡು ಹೋಳು ಮಾಡಿದ್ದರಂತೆ. ಬೆಂಕಿ ಎಂದೂ ಬೀಳಲಿಲ್ಲ. ಹೋಳು ಮಾತ್ರ ಹಾಗೆಯೇ ಉಳಿಯಿತು.

ಕಿರಿಯವನ ಕೆಲಸ ಇಂಥದ್ದು ಎಂದು ಬಾಯಲ್ಲಿ ಹೇಳುವುದು ಸ್ವಲ್ಪ ಕಷ್ಟ. ನೆಲಮಾಳಿಗೆಯಲ್ಲಿ ಸಾಲಾಗಿ ಕೆಲವೇ ಕೆಲವು ಕಬ್ಬಿಣದ ಪೆಟ್ಟಿಗೆಗಳು. ಒಂದೊಂದು ಪೆಟ್ಟಿಗೆಯ ಹೊಟ್ಟೆಯೊಳಗೆ ಹತ್ತಾರು ಯಂತ್ರಗಳು. ಒಳಗಿನವು ಕೈಗೆ ಸಿಗುವಂಥವಲ್ಲ, ವರ್ಚುವಲ್ ಮಷೀನುಗಳು. ಆದರೆ ದುಡಿಮೆಯೆಲ್ಲ ನಿಜವಾದ ಕಂಪ್ಯೂಟರಿನದೇ. ಒಂದು ಪಂಪುಗಳನ್ನು ಓಡಿಸುತ್ತದೆ, ಒಂದು ಮೀಟರು ಓದುತ್ತದೆ, ಇನ್ನೊಂದು ಜನರ ದೂರು ಕೇಳಿಸಿಕೊಳ್ಳುತ್ತದೆ. ಇವೆಲ್ಲದರ ಮೇಲೆ ಕಣ್ಣಿಡುವ, ಒಂದು ಪೆಟ್ಟಿಗೆಗೆ ಸುಸ್ತಾದರೆ ಅದರೊಳಗಿನ ಯಂತ್ರಗಳನ್ನು ನಿಲ್ಲಿಸದೆಯೇ ಎತ್ತಿ ಪಕ್ಕದ ಪೆಟ್ಟಿಗೆಗೆ ದಾಟಿಸುವ ಸರ್ವರ್ ಒಂದಿತ್ತು. ಎಲ್ಲರೂ ಅದನ್ನು ಮೇಸ್ತ್ರಿ ಎನ್ನುತ್ತಿದ್ದರು. ಆದರೆ ಮೇಸ್ತ್ರಿಗೆ ಸ್ವಂತ ನೆನಪಿಲ್ಲ. ಯಾವ ಯಂತ್ರ ಎಲ್ಲಿದೆ, ಯಾವಾಗ ಹುಟ್ಟಿತು, ಯಾರು ಅದನ್ನು ಮುಟ್ಟಿದರು ಎಂಬುದೆಲ್ಲ ಪಂಪ್‌ಹೌಸಿನ ಡೇಟಾಬೇಸಿನಲ್ಲಿ. ಪ್ರತಿಯೊಂದಕ್ಕೂ ಮೇಸ್ತ್ರಿ ಅಲ್ಲಿಗೇ ಕೇಳಿಕೊಂಡು ಬರಬೇಕು.

ಅಮ್ಮ ಇದ್ದಾಗ ಒಮ್ಮೆ ಊಟದ ಮೇಜಿನ ಮೇಲೆ ಲೋಟಗಳನ್ನು ಜೋಡಿಸಿ ಕಿರಿಯವನು ಇದನ್ನು ಅವಳಿಗೆ ವಿವರಿಸಲು ಹೋಗಿದ್ದ.

“ಅಂದ್ರೆ ನೀನು ಇಲ್ದೇ ಇರೋ ಮಷೀನನ್ನ ಕಾಯ್ತೀಯಾ?”

“ಹೆಚ್ಚುಕಡಿಮೆ ಹಾಗೇ ಅಮ್ಮ.”

“ಇವನು ಇಲ್ದೇ ಇರೋದನ್ನ ಕಾಯ್ತಾನೆ, ಇವನು ಮರ್ತಿದ್ದನ್ನ ನಾನು ಕಾಯ್ತೀನಿ,” ಎಂದಿದ್ದ ಅಣ್ಣ.

“ಸರಿಹೋಯ್ತು,” ಎಂದಳು ಅಮ್ಮ. “ಇದನ್ನ ಹೊರಗೆ ಯಾರ ಹತ್ರಾನೂ ಹೇಳ್ಬೇಡಿ. ಸಂಬಳ ನಿಲ್ಲಿಸಿಬಿಟ್ಟಾರು.”

ಯಂತ್ರಗಳಿಗೆ ಸೆಕೆ ಆಗದಿರಲೆಂದು ಎರಡೂ ಕಡೆಯ ಕೋಣೆಗಳನ್ನು ಕೊರೆಯುವಷ್ಟು ತಣ್ಣಗೆ ಇಟ್ಟಿರುತ್ತಾರೆ ಎಂದು ಗೊತ್ತಾದ ಮೇಲೆ ಅವಳು ಒಂದೇ ಬೂದು ಉಣ್ಣೆಯಲ್ಲಿ ಇಬ್ಬರಿಗೂ ಸ್ವೆಟರ್ ಹೆಣೆದು ಕೊಟ್ಟಳು. ಅಣ್ಣನದಕ್ಕೆ ತೋಳು ಒಂದು ಚೂರು ಉದ್ದವಾಯಿತು. ಅವನು ಅದನ್ನು ಮಡಚಿಕೊಂಡೇ ಹಾಕಿಕೊಳ್ಳುತ್ತಿದ್ದ.

ಅಮ್ಮ ಹೋದದ್ದು ಕಿರಿಯವನು ಊರಿನಲ್ಲಿ ಇಲ್ಲದಾಗ. ಹೊಸ ಪೆಟ್ಟಿಗೆಗಳನ್ನು ಕೂರಿಸುವುದನ್ನು ಕಲಿತು ಬರಲೆಂದು ಸಂಸ್ಥೆ ಅವನನ್ನು ಬೇರೆ ಊರಿಗೆ ಕಳಿಸಿತ್ತು. ದಿನಾ ಸಂಜೆ ಫೋನ್ ಮಾಡಿ ಅಮ್ಮ ಹೇಗಿದ್ದಾಳೆ ಎಂದು ಕೇಳುತ್ತಿದ್ದ. ಪರವಾಗಿಲ್ಲ, ಕೆಮ್ಮು ಕಡಿಮೆಯಾಗಿದೆ, ನಿನ್ನ ಕೆಲಸ ನೋಡಿಕೋ ಎನ್ನುತ್ತಿದ್ದ ಅಣ್ಣ. ಡಾಕ್ಟರು ಕೈಚೆಲ್ಲಿದ ಮೇಲೂ ಅದನ್ನೇ ಅಂದ. ಕೊನೆಗೊಂದು ದಿನ ಹೊರಟು ಬಾ ಎಂದ. ಅವನು ಬಂದು ಆಸ್ಪತ್ರೆಯ ಮೆಟ್ಟಿಲು ಹತ್ತಿದಾಗ ಅಮ್ಮನ ಮಂಚದ ಹಾಸಿಗೆಯನ್ನು ಆಗಲೇ ಸುತ್ತಿಟ್ಟಿದ್ದರು. ಅಣ್ಣ ಮೊಗಸಾಲೆಯ ಬೆಂಚಿನಲ್ಲಿ ಕೂತಿದ್ದ.

“ಹೇಳ್ಬೇಕು ಅಂತಾನೇ ಇದ್ದೆ ಕಣೋ,” ಎಂದ. “ಹೊತ್ತು ಕೂಡಿ ಬರ್ಲಿಲ್ಲ.”

“ಪರ್ವಾಗಿಲ್ಲ,” ಎಂದ ಇವನು.

ಅದೇ ಕೊನೆ. ಜಗಳವಿಲ್ಲ, ಕೂಗಾಟವಿಲ್ಲ. ಆ ‘ಪರ್ವಾಗಿಲ್ಲ’ದ ಒಳಗೆ ತಾನು ಏನೇನು ತುಂಬಿ ಬಾಗಿಲು ಹಾಕಿದ್ದೆ ಎಂಬುದು ಇವನೊಬ್ಬನಿಗೇ ಗೊತ್ತಿತ್ತು. ಅಮ್ಮನ ಕಾರ್ಯಗಳೆಲ್ಲ ಮುಗಿದು ಕೆಲಸಕ್ಕೆ ಮರಳಿದ ದಿನ ಡೇಟಾಬೇಸಿನಲ್ಲೊಂದು ತೊಡಕು ಬಂತು. ಹಿಂದಾದರೆ ಫೋನೆತ್ತಿ “ಲೋ ಅಣ್ಣ, ನಿನ್ನ ಗಡಿಗೆ ಸೋರ್ತಿದೆ ನೋಡು” ಎನ್ನುತ್ತಿದ್ದವನು ಅಂದು ಕಚೇರಿಯ ಟಿಕೆಟ್ ವ್ಯವಸ್ಥೆಯಲ್ಲಿ, ಅಂದರೆ ಒಂದು ವಿಭಾಗದವರು ಇನ್ನೊಂದು ವಿಭಾಗಕ್ಕೆ ಕೆಲಸ ಹೇಳಿ ಬರೆಯುವ ಜಾಗದಲ್ಲಿ, ‘ಮಾನ್ಯರೇ’ ಎಂದು ಶುರುಮಾಡಿದ. ಸ್ವಲ್ಪ ಹೊತ್ತಿನ ಮೇಲೆ ಆಚೆಯಿಂದಲೂ ‘ಮಾನ್ಯರೇ’ ಎಂದೇ ಉತ್ತರ ಬಂತು.

“ಒಂದೇ ಹೊಟ್ಟೇಲಿ ಹುಟ್ಟಿದೋರು,” ಎನ್ನುತ್ತಿದ್ದಳು ತಂತಿ ಅಕ್ಕ, “ಕೋರ್ಟ್ ನೋಟೀಸು ಕೊಟ್ಕೊಳ್ಳೋ ಹಾಗೆ ಬರ್ಕೋತೀರಲ್ರೋ. ಓದೋ ನಮಗೆ ನಾಚಿಕೆಯಾಗುತ್ತೆ.” ಕೇಬಲ್ಲು, ನೆಟ್‌ವರ್ಕು ಎಲ್ಲ ಅವಳ ಸುಪರ್ದಿ. ಎರಡು ಕಟ್ಟಡಗಳ ನಡುವಿನ ಕೇಬಲ್ಲನ್ನು ಎಳೆಸಿದವಳೂ ಅವಳೇ. ವಯಸ್ಸಿನಲ್ಲಿ ಇಬ್ಬರಿಗಿಂತ ದೊಡ್ಡವಳಾದ್ದರಿಂದ ಅವಳ ನಾಲಿಗೆಗೆ ಯಾರೂ ಅಡ್ಡ ಹೋಗುತ್ತಿರಲಿಲ್ಲ.

ಅಪ್‌ಗ್ರೇಡಿನ ಮಾತು ತೆಗೆದವರು ಮೇಲಧಿಕಾರಿ. ಯಾರು ಏನು ಕೇಳಿದರೂ ‘ನೋಡೋಣ’ ಎನ್ನುತ್ತಿದ್ದರಿಂದ ಅವರ ಬೆನ್ನ ಹಿಂದೆ ಅವರ ಹೆಸರೇ ನೋಡೋಣ ಸಾಹೇಬರು. ಒಂದು ಮಧ್ಯಾಹ್ನ ಅವರು ಚಹಾದ ಕಪ್ಪು ಹಿಡಿದು ನೆಲಮಾಳಿಗೆಗೇ ಇಳಿದು ಬಂದರು. ಅವರು ಇಳಿದು ಬಂದರೆ ಏನೋ ಇದೆ ಎಂದೇ ಅರ್ಥ.

“ಮೇಸ್ತ್ರಿ ತುಂಬಾ ಹಳೇದಾಯ್ತಲ್ಲ. ಹೊಸ ಆವೃತ್ತೀಲಿ ಡೇಟಾಬೇಸ್ ಅದರ ಹೊಟ್ಟೆಯೊಳಗೇ ಇರುತ್ತಂತೆ?”

“ಹೌದು ಸರ್. ಹೊರಗಡೆ ಬೇಕಾಗಲ್ಲ.”

“ಪಂಪ್‌ಹೌಸಲ್ಲಿದ್ದ ಮಿಕ್ಕ ಡೇಟಾಬೇಸ್‌ಗಳೆಲ್ಲ ಒಂದೊಂದಾಗಿ ಈಚೆ ಬಂದಾಯ್ತು. ಇದೊಂದೇ ಉಳಿದಿರೋದು. ಇದೂ ಬಂದ್ರೆ ಆ ಕಟ್ಟಡಕ್ಕೆ ಬೀಗ ಹಾಕ್ಬಹುದು.” ಅವರು ಚಹಾ ಗುಟುಕರಿಸಿದರು. “ನಿಮ್ಮಣ್ಣನಿಗೆ ನಾನೇ ಹೇಳ್ತೀನಿ, ಎಲ್ಲ ಮುಗಿದ ಮೇಲೆ. ಮೊದ್ಲೇ ಹೇಳಿದ್ರೆ ಮನುಷ್ಯನ ಕೈ ನಡುಗುತ್ತೆ. ನೀವು ಬಾಯಿ ಬಿಡ್ಬೇಡಿ.”

“ಅವರಿಗೆ ಇಲ್ಲಿ ಬೇರೆ ಏನಾದ್ರೂ ಕೊಡ್ತೀರಾ ಸರ್?”

“ನೋಡೋಣ.”

ಸಾಹೇಬರ ನೋಡೋಣ ಎಂದರೆ ಇಲ್ಲ ಎಂದು ಬಾಗಿಲ ಕಾವಲಿನವನಿಗೂ ಗೊತ್ತಿತ್ತು. ಅಣ್ಣ ಆ ಒಂದು ಬಗೆಯ ಡೇಟಾಬೇಸನ್ನೇ ಸಾಕಿಕೊಂಡು ಮುದುಕನಾಗುತ್ತಿದ್ದ ಮನುಷ್ಯ. ಹೊಸದನ್ನು ಕಲಿಯುವ ವಯಸ್ಸು ದಾಟಿತ್ತು. ಕೆಲಸ ಬಿಟ್ಟು ಮನೆಯಲ್ಲಿ ಕೂರುವ ವಯಸ್ಸು ಬಂದಿರಲಿಲ್ಲ. ಈಗಲೇ ಗೊತ್ತಾದರೆ ಬೇರೆ ವಿಭಾಗದಲ್ಲಿ ಜಾಗ ಕೇಳಬಹುದು, ಯೂನಿಯನ್ನಿನವರ ಹತ್ತಿರ ಹೋಗಬಹುದು, ಕಡೇಪಕ್ಷ ಬ್ಯಾಕಪ್ ಕೊಡಲ್ಲ ಎಂದು ಸಾಹೇಬರ ಮೇಜಿನೆದುರು ಕೂತಾದರೂ ಕೂರಬಹುದು. ಡೇಟಾ ಈಚೆ ಬಂದುಬಿಟ್ಟರೆ ಕೇಳಲು ಅವನ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಬಾಯಿ ಬಿಡಬೇಡಿ ಎಂದು ಹೇಳಿಸಿಕೊಂಡಾಗ ಅವನಿಗೆ ಎಲ್ಲೋ ಒಂದು ಕಡೆ ಹಗುರವೆನಿಸಿತು. ಆ ಹಗುರ ಎಲ್ಲಿಂದ ಬಂತು ಎಂದು ಹುಡುಕಲು ಹೋಗಲಿಲ್ಲ. ಕೂತು ಟಿಕೆಟ್ ಬರೆದ: ‘ಮಾನ್ಯರೇ, ಬರುವ ಭಾನುವಾರ ಬೆಳಗ್ಗೆ ಮೇಸ್ತ್ರಿ ಸರ್ವರಿನ ಅಪ್‌ಗ್ರೇಡ್ ನಡೆಯಲಿದೆ. ಅದಕ್ಕೆ ಮುನ್ನ ಡೇಟಾಬೇಸಿನ ಬ್ಯಾಕಪ್ ತೆಗೆದಿಡಬೇಕೆಂದು ವಿನಂತಿ.’ ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅಪ್‌ಗ್ರೇಡಿಗೆ ಎರಡು ಹಂತ. ಮೊದಲನೆಯದರಲ್ಲಿ ಮೇಸ್ತ್ರಿ ಹೊಸ ಆವೃತ್ತಿಗೆ ಏರಿ, ಪಂಪ್‌ಹೌಸಿನ ಡೇಟಾಬೇಸನ್ನೂ ಹೊಸ ಅಚ್ಚಿಗೆ ತಿದ್ದುತ್ತದೆ. ಎರಡನೆಯದರಲ್ಲಿ ಡೇಟಾವನ್ನೆಲ್ಲ ಅಲ್ಲಿಂದ ಎಳೆದು ಒಳಗೆ ಹಾಕಿಕೊಳ್ಳುತ್ತದೆ. ಅವನು ಬರೆದದ್ದು ಮೊದಲನೆಯದಕ್ಕೆ ಸಾಕಾಗುವಷ್ಟು.

ಉತ್ತರ ಬೇಗ ಬಂತು. ‘ಮಾನ್ಯರೇ, ಬ್ಯಾಕಪ್ ತೆಗೆದಿಡಲಾಗುವುದು. ಅಂದು ರಜೆಯಾದರೂ ನಾನು ಪಂಪ್‌ಹೌಸಿನಲ್ಲಿ ಖುದ್ದು ಹಾಜರಿರುತ್ತೇನೆ.’ ಹಾಜರಿರಿ ಎಂದು ಇವನು ಕೇಳಿರಲಿಲ್ಲ.

ಶನಿವಾರ ಸಂಜೆ ಹೆಂಡತಿ ಒಗೆದ ಬಟ್ಟೆ ಮಡಚುತ್ತಾ ಕೂತಿದ್ದಳು. ನಾಳೆ ಕೆಲಸವಿದೆ ಎಂದು ಹೇಳುತ್ತಾ ಹೇಳುತ್ತಾ ಪಂಪ್‌ಹೌಸಿಗೆ ಬೀಗ ಬೀಳುವ ವಿಷಯವೂ ಬಾಯಿಂದ ಬಂದುಬಿಟ್ಟಿತು.

“ಭಾವನಿಗೆ ಗೊತ್ತಾ?”

“ಸಾಹೇಬ್ರು ಹೇಳ್ತಾರಂತೆ.”

“ನಾನು ಸಾಹೇಬ್ರನ್ನ ಕೇಳ್ಲಿಲ್ಲ. ನೀವು ಹೇಳ್ಬೇಕಲ್ವಾ?”

“ಅವನು ನನಗೆ ಹೇಳಿದ್ನಾ?”

ಹೆಂಡತಿಯ ಕೈ ನಿಂತಿತು. ಅವನ ಬೂದು ಸ್ವೆಟರ್ ಅರ್ಧ ಮಡಚಿದಂತೆ ಅವಳ ತೊಡೆಯ ಮೇಲಿತ್ತು.

“ಓ,” ಎಂದಳು. “ಹಾಗೋ.”

“ಹಾಗೇನಿಲ್ಲ. ಸುಮ್ನೆ ಬಾಯಿಗೆ ಬಂತು.”

“ಬಂತಲ್ಲ,” ಎಂದು ಅವಳು ಮತ್ತೆ ಮಡಚತೊಡಗಿದಳು. ಆಮೇಲೆ ಅವಳು ಆ ಮಾತೆತ್ತಲಿಲ್ಲ. ಎತ್ತಿದ್ದರೆ ವಾದ ಮಾಡಬಹುದಿತ್ತು. ವಾದದ ಕೊನೆಗೆ ಸೋತು ಫೋನ್ ಮಾಡಲೂಬಹುದಿತ್ತು. ಅವಳು ಸುಮ್ಮನಾಗಿಬಿಟ್ಟದ್ದರಿಂದ ಆ ಮಾತು ಮನೆಯ ಗೋಡೆಗಳ ನಡುವೆ ಹಾಗೆಯೇ ಬಿದ್ದುಕೊಂಡಿತು. ಬೆಳಗ್ಗೆ ಅವನು ಅದನ್ನು ದಾಟಿಕೊಂಡೇ ಕೆಲಸಕ್ಕೆ ಹೊರಟ.

ಭಾನುವಾರ ಕಟ್ಟಡ ಖಾಲಿ. ಲಿಫ್ಟು ಕೆಳಗಿಳಿಯುವ ಸದ್ದೂ ಎರಡು ಪಟ್ಟು ಕೇಳಿಸುತ್ತಿತ್ತು. ತಂತಿ ಅಕ್ಕ ಆಗಲೇ ಬಂದು ಕಿತ್ತಳೆ ಸುಲಿಯುತ್ತಾ ಕೂತಿದ್ದಳು. ಕೇಬಲ್ಲು ಕೈಕೊಟ್ಟರೆ ಇರಲಿ ಎಂದು ಅವಳನ್ನು ಬರಹೇಳಿದ್ದ.

“ನಿಮ್ಮ ಮಾನ್ಯರು ಬಂದಿದಾರಾ?”

“ಬಂದಿರ್ಬೇಕು.”

“ಬಂದಿರ್ಬೇಕಂತೆ. ತೊಗೊ,” ಎಂದು ಎರಡು ತೊಳೆ ಕೊಟ್ಟಳು.

ಶುರುಮಾಡುವ ಮುನ್ನ ಅವನು ಮೇಸ್ತ್ರಿಯ ಸ್ನ್ಯಾಪ್‌ಶಾಟ್ ತೆಗೆದ. ಅದು ಆ ಗಳಿಗೆಯ ಪಡಿಯಚ್ಚು. ಮುಂದೆ ಏನಾದರೂ ಕೆಟ್ಟರೆ ಒಂದು ಗುಂಡಿ ಒತ್ತಿ ಮೇಸ್ತ್ರಿಯನ್ನು ಈ ಗಳಿಗೆಗೆ ಮರಳಿಸಬಹುದು. ಮರಳುವುದು ಮೇಸ್ತ್ರಿ ಮಾತ್ರ. ದೂರದಲ್ಲಿರುವ ಡೇಟಾಬೇಸಿಗೆ ಈ ಗುಂಡಿ ತಾಕುವುದಿಲ್ಲ. ಅದನ್ನು ಅಲ್ಲಿರುವವರು ಅಲ್ಲಿಯ ಬ್ಯಾಕಪ್ಪಿನಿಂದ ಹಿಂದಕ್ಕೆ ತರಬೇಕು. ಎರಡೂ ಕಡೆ ಒಟ್ಟಿಗೆ ಹಿಂದಕ್ಕೆ ಹೋಗಬೇಕು, ಹೋಗುವ ಮುಂಚೆ ಆಚೆಯವನಿಗೆ ಒಂದು ಮಾತು ಹೇಳಬೇಕು. ಹೊಸದಾಗಿ ಸೇರಿದವರಿಗೆ ಅವನು ಮೊದಲು ಕಲಿಸುತ್ತಿದ್ದದ್ದು ಇದನ್ನೇ.

ಮೊದಲ ಹಂತ ನೀರು ಕುಡಿದಷ್ಟು ಸುಲಭವಾಗಿ ಮುಗಿಯಿತು. ಎರಡನೆಯದಕ್ಕೆ ಕೈಹಾಕಿದ. ಪರದೆಯ ಮೇಲೆ ನೀಲಿ ಪಟ್ಟಿಯೊಂದು ಎಡದಿಂದ ಬಲಕ್ಕೆ ತೆವಳತೊಡಗಿತು. ಪಂಪ್‌ಹೌಸಿನಲ್ಲಿ ಅಣ್ಣ ಈಗ ತನ್ನ ಪರದೆ ನೋಡುತ್ತಾ, ಇದೇನು ಇಷ್ಟೊಂದು ಓದುತ್ತಿದೆ ಎಂದುಕೊಳ್ಳುತ್ತಿರಬಹುದೆ? ಟಿಕೆಟ್ ಏನಾದರೂ ಬಂತೇ ಎಂದು ಮತ್ತೆ ಮತ್ತೆ ನೋಡಿದ. ಬರಲಿಲ್ಲ. ಪಟ್ಟಿ ಮುಕ್ಕಾಲಿಗೆ ಬಂದು ನಿಂತಿತು. ತುಂಬಾ ಹೊತ್ತು ನಿಂತೇ ಇತ್ತು. ಆಮೇಲೆ ಕೆಂಪು ಅಕ್ಷರಗಳು ಬಂದವು. ಅವನು ಮೊಬೈಲಿನಲ್ಲಿ ಅದರ ಚಿತ್ರ ತೆಗೆದುಕೊಂಡು, ಮರುಯೋಚನೆ ಮಾಡದೆ ಸ್ನ್ಯಾಪ್‌ಶಾಟಿಗೆ ಮರಳುವ ಗುಂಡಿ ಒತ್ತಿದ.

ಒತ್ತಿದ ಬೆರಳು ಅಲ್ಲೇ ಇರುವಾಗಲೇ ತಾನು ಮಾಡಿದ್ದೇನೆಂದು ಹೊಳೆಯಿತು. ಆಚೆಯವನಿಗೆ ಹೇಳಿರಲಿಲ್ಲ. ಹೇಳಬೇಕಿದ್ದರೆ ಯಾಕೆ ಎಂದೂ ಹೇಳಬೇಕಾಗುತ್ತಿತ್ತು. ಅಷ್ಟು ಹೇಳುವುದನ್ನು ತಪ್ಪಿಸಲು ಹೋಗಿ ಅವನು ಕಣ್ಮುಚ್ಚಿ ಹಿಂದಕ್ಕೆ ಹಾರಿದ್ದ.

ಹಳೆಯ ಮೇಸ್ತ್ರಿ ಎದ್ದು, ಎಂದಿನಂತೆ ಪಂಪ್‌ಹೌಸನ್ನು ಕೇಳಿತು. ಅಲ್ಲಿ ಬೆಳಗಿನ ಡೇಟಾಬೇಸ್ ಇರಲಿಲ್ಲ. ಹೊಸ ಅಚ್ಚಿಗೆ ತಿರುಗಿದ್ದು ಇತ್ತು. ಆವೃತ್ತಿಗಳು ಹೊಂದುತ್ತಿಲ್ಲ ಎಂದು ಒಂದು ಸಾಲು ಬರೆದು ಮೇಸ್ತ್ರಿ ಮಲಗಿತು. ಎಬ್ಬಿಸಿದ. ಅದೇ ಸಾಲು ಬರೆದು ಮತ್ತೆ ಮಲಗಿತು.

ಮೇಸ್ತ್ರಿ ಮಲಗಿದರೂ ಯಂತ್ರಗಳು ನಿಲ್ಲುವುದಿಲ್ಲ. ನೋಡುವವರಿಲ್ಲದೆಯೂ ತಮ್ಮ ಪಾಡಿಗೆ ತಾವು ದುಡಿಯುತ್ತಿರುತ್ತವೆ. ಆ ಕೆಲಸದಲ್ಲಿ ಅವನಿಗೆ ಯಾವಾಗಲೂ ಸ್ವಲ್ಪ ಭಯ ಹುಟ್ಟಿಸುತ್ತಿದ್ದದ್ದು ಇದೇ. ಆದರೆ ಅಂದು ಅದೃಷ್ಟವೂ ಕೆಟ್ಟಿತ್ತು. ತಂತಿ ಅಕ್ಕ ಮೂಗು ಅರಳಿಸಿದಳು.

“ಏನೋ ಸುಟ್ಟ ವಾಸನೆ ಬರ್ತಿಲ್ವಾ?”

ಮೂರನೆಯ ಪೆಟ್ಟಿಗೆಯ ಫ್ಯಾನು ನಿಂತುಹೋಗಿತ್ತು. ಮುಟ್ಟಿದರೆ ಕೈ ಚುರ್ ಎನ್ನುತ್ತಿತ್ತು. ಊರಿನ ಎತ್ತರದ ಬಡಾವಣೆಗಳಿಗೆ ನೀರೆತ್ತುವ ಪಂಪುಗಳ ಯಂತ್ರ ಇದ್ದದ್ದು ಅದರೊಳಗೇ. ಬೇರೆ ದಿನವಾದರೆ ಅದನ್ನು ಪಕ್ಕದ ಪೆಟ್ಟಿಗೆಗೆ ದಾಟಿಸಿಬಿಡುತ್ತಿದ್ದ, ನೀರು ಹಿಡಿಯುತ್ತಿದ್ದವರಿಗೆ ತಿಳಿಯುತ್ತಲೂ ಇರಲಿಲ್ಲ. ಈಗ ದಾಟಿಸಬೇಕಾದ ಮೇಸ್ತ್ರಿಯೇ ಮಲಗಿತ್ತು. ತಂತಿ ಅಕ್ಕ ಓಡಿಹೋಗಿ ಮೇಲಿನ ಮಹಡಿಯಿಂದ ಟೇಬಲ್ ಫ್ಯಾನೊಂದನ್ನು ಕಂಕುಳಲ್ಲಿ ಅವುಚಿಕೊಂಡು ಬಂದು ಪೆಟ್ಟಿಗೆಯ ಬಾಯಿಗೆ ಹಿಡಿದಿಟ್ಟಳು.

“ಇಷ್ಟು ದೊಡ್ಡ ಸಂಸ್ಥೆ,” ಎಂದಳು ಏದುಸಿರಿನಲ್ಲಿ, “ಗುಮಾಸ್ತರ ಫ್ಯಾನಿನ ಮೇಲೆ ನಿಂತಿದೆ. ಇದು ಎಷ್ಟು ಹೊತ್ತು ತಡೆಯುತ್ತೆ?”

“ಗೊತ್ತಿಲ್ಲ.”

“ಅಣ್ಣನಿಗೆ ಹೇಳಿದ್ಯಾ?”

“ಟಿಕೆಟ್ ಬರೀತಿದೀನಿ.”

ಅವಳು ಅವನ ಮುಖವನ್ನೇ ನೋಡಿದಳು. ಪರದೆಯ ಮೇಲೆ ‘ಮಾನ್ಯರೇ’ ಎಂಬ ಒಂದು ಪದ, ಅದರ ಮುಂದೆ ಮಿಣುಕುವ ಗೆರೆ. ಅವಳು ತನ್ನ ಮೊಬೈಲ್ ತೆಗೆದು ಒತ್ತಿದಳು, ಕಿವಿಗಿಟ್ಟು ನೋಡಿದಳು, ಆಮೇಲೆ ಅದನ್ನು ಅವನ ಕೈಗೆ ತುರುಕಿದಳು.

“ರಿಂಗ್ ಆಗ್ತಿದೆ. ನಾನು ಫ್ಯಾನ್ ಹಿಡ್ಕೋತೀನಿ, ನೀನು ಇದನ್ನ ಹಿಡ್ಕೋ.”

“ಹೇಳಕ್ಕ,” ಎಂದಿತು ಅಣ್ಣನ ಧ್ವನಿ.

“ನಾನು.”

ಆಚೆಯಿಂದ ಪಂಪ್‌ಹೌಸಿನ ಯಂತ್ರದ ಫ್ಯಾನು ಗುಂಯ್ ಎನ್ನುತ್ತಿದ್ದದ್ದು ಮಾತ್ರ ಕೇಳಿಸಿತು.

“ಹೂಂ,” ಎಂದ ಅಣ್ಣ. “ಏನಾಯ್ತು?”

“ಮೇಸ್ತ್ರಿ ಏಳ್ತಿಲ್ಲ. ಮಧ್ಯದಲ್ಲಿ ನಿಂತ್ಹೋಯ್ತು. ನಾನು ಸ್ನ್ಯಾಪ್‌ಶಾಟಿಗೆ ವಾಪಸ್ ಹೋದೆ.”

“ನನಗೆ ಹೇಳ್ದೇನೇ?”

“ಹೂಂ.”

ಅಣ್ಣ ಬೈಯುತ್ತಾನೆಂದು ಕಾದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

“ನಂದು ಮುಂದೆ ಹೋಗಿಬಿಟ್ಟಿದೆ, ನಿಂದು ಬೆಳಗ್ಗೇಲೇ ನಿಂತಿದೆ,” ಎಂದ ಅಣ್ಣ. “ಅದಕ್ಕೇ ಒಂದಕ್ಕೊಂದು ಗುರುತು ಸಿಗ್ತಿಲ್ಲ. ಅಷ್ಟೇ ತಾನೇ. ಮೇಸ್ತ್ರೀನ ಪೂರ್ತಿ ಆರಿಸಿಡು. ಮುಟ್ಬೇಡ. ನಾನು ಬ್ಯಾಕಪ್ ಹಾಕ್ತೀನಿ.”

“ಮೂರನೇ ಪೆಟ್ಟಿಗೆ ಸುಡ್ತಿದೆ. ಮೇಲಿನ ಪಂಪ್ ಅದರಲ್ಲೇ ಇದೆ.”

“ಹಾಗಾದ್ರೆ ಮಾತಾಡಿಸ್ಬೇಡ ನನ್ನ.”

ಮಾತಾಡಿಸಲಿಲ್ಲ. ಫೋನನ್ನು ಕಿವಿಗಿಟ್ಟುಕೊಂಡೇ ಕೂತ. ಅಣ್ಣ ಎರಡೇ ಬೆರಳಿನಲ್ಲಿ ಟೈಪು ಮಾಡುವ ಸದ್ದು ಕೇಳುತ್ತಿತ್ತು: ನಾಲ್ಕೈದು ಅಕ್ಷರ, ಒಂದು ನಿಲುಗಡೆ, ಮತ್ತೆ ನಾಲ್ಕೈದು. ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ದೀಪದಡಿ ಓದಲು ಕೂತಾಗ ಅಣ್ಣ ಪೆನ್ಸಿಲಿನಿಂದ ಹಲ್ಲು ಬಡಿಯುತ್ತಿದ್ದದ್ದೂ ಇದೇ ತಾಳದಲ್ಲಿ. ಎರಡು ವರ್ಷದಲ್ಲಿ ಅವನಿಗೆ ಅಣ್ಣನ ಮುಖ ಎಷ್ಟೋ ಸಲ ನೆನಪಾಗಿತ್ತು, ಈ ಸದ್ದು ನೆನಪಾಗಿರಲಿಲ್ಲ. ತಂತಿ ಅಕ್ಕ ಫ್ಯಾನು ಹಿಡಿದುಕೊಂಡೇ ಬೇರೆ ಕಡೆ ನೋಡುತ್ತಿದ್ದಳು.

“ಎಬ್ಬಿಸು,” ಎಂದ ಅಣ್ಣ ಕೊನೆಗೆ.

ಎಬ್ಬಿಸಿದ. ಮೇಸ್ತ್ರಿ ಕೇಳಿತು, ಪಂಪ್‌ಹೌಸು ಉತ್ತರಿಸಿತು. ಯಂತ್ರಗಳ ಹೆಸರುಗಳು ಒಂದೊಂದಾಗಿ ಪರದೆಯ ಮೇಲೆ ಹಸಿರಾಗಿ ಮೂಡಿದವು. ಅವನು ಪಂಪಿನ ಯಂತ್ರವನ್ನು ಮೂರನೆಯ ಪೆಟ್ಟಿಗೆಯಿಂದ ಎತ್ತಿ ಪಕ್ಕಕ್ಕೆ ದಾಟಿಸಿದ, ಮಿಕ್ಕವನ್ನೂ ದಾಟಿಸಿದ, ಪೆಟ್ಟಿಗೆಯನ್ನು ಆರಿಸಿದ. ತಂತಿ ಅಕ್ಕ ನೆಲಕ್ಕೆ ಕೂತು ಕಾಲು ಚಾಚಿದಳು.

“ಬಂತು,” ಎಂದ ಫೋನಿಗೆ. ಇಷ್ಟಕ್ಕೇ ಇಟ್ಟುಬಿಟ್ಟರೆ ಎಲ್ಲ ಬೆಳಗಿನಂತೆಯೇ ಉಳಿಯುತ್ತಿತ್ತು. ಅಪ್‌ಗ್ರೇಡ್ ಕೆಟ್ಟಿತೆಂದು ಸಾಹೇಬರಿಗೆ ಹೇಳಿದರೆ ಅವರು ನೋಡೋಣ ಎನ್ನುತ್ತಿದ್ದರು. ಒಂದಷ್ಟು ದಿನ ಸಿಗುತ್ತಿತ್ತು.

“ಮೊದ್ಲು ಯಾಕೆ ನಿಂತಿದ್ದು? ಏನು ಬರೆದಿತ್ತು, ಓದು,” ಎಂದ ಅಣ್ಣ.

ಅವನು ತನ್ನ ಮೊಬೈಲಿನ ಚಿತ್ರ ತೆರೆದ. “ಘಟನೆಗಳ ಚರಿತ್ರೆಯ ಕೋಷ್ಟಕ ಓದುವಾಗ ಸಮಯ ಮೀರಿದೆ.”

“ಅಷ್ಟೇನಾ?”

“ಅಷ್ಟೇ.”

“ಬರೀ ಓದೋಕೆ ಯಾಕೋ ಸಮಯ ಮೀರುತ್ತೆ? ಪೂರ್ತಿ ಓದು.”

ಕೆಂಪು ಅಕ್ಷರಗಳು ಅವನ ಅಂಗೈಯಲ್ಲಿ ಸಣ್ಣಗೆ ಹೊಳೆಯುತ್ತಿದ್ದವು. ಬೇರೆ ಏನಾದರೂ ಓದಬಹುದಿತ್ತು. ಆಚೆಯವನಿಗೆ ಕಾಣುತ್ತಿರಲಿಲ್ಲ. ಆದರೆ ತಪ್ಪು ಓದಿದರೆ ಅಣ್ಣ ತಪ್ಪು ಕಾಯಿಲೆಗೆ ಮದ್ದು ಹುಡುಕುತ್ತಾ ಕೂರುತ್ತಾನೆ, ಸಂಜೆಯವರೆಗೂ ಕೂರುತ್ತಾನೆ. ಅವನ ಸ್ವಭಾವ ಅದು.

“ದೂರದ ಡೇಟಾಬೇಸಿನಿಂದ ಒಳಗಿನ ಡೇಟಾಬೇಸಿಗೆ ರವಾನೆ ವಿಫಲವಾಗಿದೆ,” ಎಂದು ಓದಿದ. “ಚರಿತ್ರೆಯ ಕೋಷ್ಟಕ ನಕಲಾಗುವಾಗ ಸಮಯ ಮೀರಿದೆ. ರವಾನೆ ಮುಗಿಯುವವರೆಗೆ ದೂರದ ಡೇಟಾಬೇಸನ್ನು ತೆಗೆಯಬೇಡಿ.”

ಪಂಪ್‌ಹೌಸಿನ ಫ್ಯಾನು ಗುಂಯ್ ಎನ್ನುತ್ತಲೇ ಇತ್ತು. ಟೈಪಿನ ಸದ್ದು ನಿಂತಿತ್ತು. ನೆಲದ ಮೇಲೆ ಕೂತ ತಂತಿ ಅಕ್ಕ ತಲೆಯೆತ್ತಿ ಅವನನ್ನು ನೋಡಿದಳು. ಅವಳಿಗೂ ಈಗಲೇ ಗೊತ್ತಾದದ್ದು.

“ಓಹೋ,” ಎಂದ ಅಣ್ಣ. ಆಮೇಲೆ, “ಮುಗಿಯುವವರೆಗೆ,” ಎಂದ. ಅದು ಪ್ರಶ್ನೆಯೇ ಎಂದು ತಿಳಿಯಲಿಲ್ಲ.

“ಇವತ್ತು ಬಿಡೋಣ. ಇನ್ನೊಂದು ದಿನ ಮಾಡಿದ್ರಾಯ್ತು.”

“ಇನ್ನೊಂದು ದಿನ ಯಾಕೆ? ನಾನು ಇಲ್ಲೇ ಇದೀನಲ್ಲ.” ಅಣ್ಣನ ಧ್ವನಿಯಲ್ಲಿ ಏನೂ ಬದಲಾಗಿರಲಿಲ್ಲ. “ಚರಿತ್ರೆ ತುಂಬಾ ಬೆಳೆದಿದೆ. ಯಾರು ಯಾವತ್ತು ಯಾವ ಮಷೀನ್ ಮುಟ್ಟಿದ್ರು ಅಂತ ಶುರುವಿನಿಂದ ಇದೆ. ನಾನೇ ಯಾವುದನ್ನೂ ಅಳಿಸಿರ್ಲಿಲ್ಲ. ಅದು ಆ ಕೇಬಲ್ಲಿನಲ್ಲಿ ಬರಲ್ಲ. ಚರಿತ್ರೆ ಬಿಟ್ಟು ಮಿಕ್ಕಿದ್ದು ತಗೋ ಅಂತ ಎಲ್ಲೋ ಕೇಳುತ್ತೆ ನೋಡು. ಅದಕ್ಕೆ ಹೂಂ ಅನ್ನು.”

“ಹಳೇದೆಲ್ಲ ಹೋಗುತ್ತಲ್ಲ.”

“ಯಾರು ನೋಡ್ತಾರೋ ಅದನ್ನ.”

ಅವನು ಮತ್ತೆ ಶುರುಮಾಡಿದ. ಮೊದಲ ಹಂತ ಮುಗಿಯಿತು. ಎರಡನೆಯದರಲ್ಲಿ ಒಂದು ಪುಟ್ಟ ಚೌಕ ಕೇಳಿತು: ಚರಿತ್ರೆ ಬೇಡವೇ? ಬೇಡ ಎಂದು ಒತ್ತಿದ. ನೀಲಿ ಪಟ್ಟಿ ಹೊರಟಿತು. ಅಣ್ಣ ಆಚೆಯಿಂದ ಆಗಾಗ “ಈಗ ಯಂತ್ರಗಳ ಕೋಷ್ಟಕ ಓದ್ತಿದೆ,” “ಈಗ ಅನುಮತಿಗಳು,” ಎನ್ನುತ್ತಿದ್ದ. ಎಲ್ಲಿಗೋ ಹೊರಟವರ ಸಾಮಾನನ್ನು ಬಾಗಿಲಲ್ಲಿ ನಿಂತು ಒಂದೊಂದಾಗಿ ಎತ್ತಿಕೊಡುವವನ ಹಾಗೆ. ಮಧ್ಯೆ ಒಮ್ಮೆ ಕೇಬಲ್ಲು ತಡವರಿಸಿದಾಗ ಅವನೇ ಏನೋ ಬದಲಿಸಿ ದಾರಿ ಸಲೀಸು ಮಾಡಿಕೊಟ್ಟ. ಪಟ್ಟಿ ಮುಕ್ಕಾಲು ದಾಟಿತು. ಇನ್ನೊಂದು ತುದಿಯನ್ನೂ ಮುಟ್ಟಿತು.

“ಮುಗೀತು,” ಎಂದ ಇವನು.

“ಒಂದ್ಸಲ ಎಲ್ಲ ಎಣಿಸಿ ನೋಡು.”

ನೋಡಿದ. ಹೊಸ ಮೇಸ್ತ್ರಿ ಈಗ ಯಾರನ್ನೂ ಕೇಳಬೇಕಾಗಿರಲಿಲ್ಲ. ಎಲ್ಲ ತಾನೇ ಬಲ್ಲದು. ಇಂದಿನಿಂದ ಈಚಿನದು ಮಾತ್ರ.

“ಸರಿ ಇದೆ.”

“ಹಾಗಾದ್ರೆ ನಂದನ್ನ ಆರಿಸ್ಬಹುದಾ?”

ಅದನ್ನು ಇವತ್ತೇ ಆರಿಸಬೇಕೆಂದು ಯಾರೂ ಹೇಳಿರಲಿಲ್ಲ. ಆರಿಸಬೇಡ, ನಾಳೆ ಇಬ್ಬರೂ ಹೋಗಿ ಸಾಹೇಬರನ್ನು ಕೇಳೋಣ ಎನ್ನಬೇಕು. ಏನು ಹಿಡಿದುಕೊಂಡು ಕೇಳುವುದು? ಕೈಯಲ್ಲಿದ್ದದ್ದನ್ನು ಈಗತಾನೆ ಅವನಿಂದಲೇ ಎತ್ತಿಸಿಕೊಂಡಾಯಿತು.

“ಅಣ್ಣ,” ಎಂದ. ಎರಡು ವರ್ಷದ ಮೇಲೆ ಆ ಪದ ಬಾಯಲ್ಲಿ ಒರಟಾಗಿ ತಾಗಿತು. “ಸಾಹೇಬ್ರು ಹೋದ ವಾರ ಹೇಳಿದ್ರು. ನಿನಗೆ ಹೇಳ್ಬೇಕು ಅಂತಾನೇ ಇದ್ದೆ…”

ಮುಂದಿನ ಮಾತು ಬರಲಿಲ್ಲ. ಅದು ಏನೆಂದು ಅವನಿಗೆ ಗೊತ್ತಿತ್ತು. ಆಸ್ಪತ್ರೆಯ ಮೊಗಸಾಲೆಯ ಬೆಂಚು, ಮಡಚಿದ ಬೂದು ತೋಳು, ತಗ್ಗಿದ ತಲೆ ಎಲ್ಲ ಕಣ್ಣಿಗೆ ಕಟ್ಟಿದವು. ಅಂದು ಅಣ್ಣ ನೆಪ ಹೇಳುತ್ತಿದ್ದಾನೆ ಎಂದುಕೊಂಡಿದ್ದ. ದಿನಾ ಸಂಜೆ ಫೋನು ಎತ್ತಿದಾಗಲೆಲ್ಲ ಆ ಮನುಷ್ಯನ ಗಂಟಲಲ್ಲಿ ಏನು ಸಿಕ್ಕಿಕೊಂಡಿತ್ತು ಎಂಬುದು ಈಗ ತನ್ನ ಗಂಟಲಿಗೇ ಗೊತ್ತಾಗುತ್ತಿತ್ತು.

ಅಣ್ಣ ಪೂರ್ತಿಯಾಗಲೆಂದು ಸ್ವಲ್ಪ ಹೊತ್ತು ಕಾದ.

“ಪರ್ವಾಗಿಲ್ಲ,” ಎಂದ.

ಮೆಲ್ಲಗೆ, ತುಂಬಾ ಮರ್ಯಾದೆಯಿಂದ ಎಂದ. ಆಮೇಲೆ ಕುರ್ಚಿ ಹಿಂದಕ್ಕೆ ಸರಿದ ಸದ್ದು, ಒಂದಷ್ಟು ಹೆಜ್ಜೆ. ಇಷ್ಟು ವರ್ಷ ಆ ಕೇಬಲ್ಲಿನ ತುದಿಯಲ್ಲಿ ಗುಂಯ್ ಎನ್ನುತ್ತಿದ್ದ ಫ್ಯಾನು ಒಂದು ಸುತ್ತು ಜೋರಾಗಿ, ಮತ್ತೆ ಕುಗ್ಗಿ, ಇನ್ನೂ ಕುಗ್ಗಿ, ಎಲ್ಲಿ ನಿಂತಿತೆಂದು ತಿಳಿಯದ ಹಾಗೆ ನಿಂತಿತು.

ಅಣ್ಣ ಫೋನ್ ಇಟ್ಟಿರಲಿಲ್ಲ. ಇವನೂ ಇಡಲಿಲ್ಲ. ತಂತಿ ಅಕ್ಕ ಎದ್ದು ಟೇಬಲ್ ಫ್ಯಾನನ್ನು ಆರಿಸಿ, ಅದನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿ ಹೋದಳು. ಅವನು ಮೊಬೈಲನ್ನು ಕಿವಿಗೆ ಇನ್ನೂ ಒತ್ತಿ ಹಿಡಿದ. ಆಚೆ ಒಂದು ದೊಡ್ಡ ಖಾಲಿ ಕೋಣೆಯ ಸದ್ದು ಕೇಳಿಸುತ್ತಿತ್ತು.